ಫ್ರಿಜ್ಜಿನ ಕಿವಿರು

ಗ್ರೀನ್ ಸ್ಟ್ರೀಟಿನ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದವು,
ಬಾಯಿ ಮುಚ್ಚಿಕೊಂಡು, ಮೈಮೇಲೆ ಚೀಟಿ ಅಂಟಿಸಿಕೊಂಡು.
ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿದೆ.
ಗುನಗಿಯವರ ಹುಡುಗ ನಿತೇಶ ನಕ್ಕ:
‘ಬಾಯೀ, ಇದೇನು ಬಂಗಡೆಯಾ?’
ಅಲ್ಲ ಮಾರಾಯಾ. ಆದರೆ ದುಡ್ಡು ಬಂಗಡೆಯದೇ,
ಹನ್ನೊಂದು ತಿಂಗಳ ಭಿಶಿ,
ನೋಟಿನ ವಾಸನೆ ಇನ್ನೂ ಹೋಗಿಲ್ಲ, ಮೂಸಿ ನೋಡು.

ಕೋಡಿಬಾಗದ ಮನೆಯಲ್ಲಿ ಅಡುಗೆಕೋಣೆ ಒಡೆದು ಇಪ್ಪತ್ತು ದಿನ.
ಜಗಲಿಯಲ್ಲಿ ಒಲೆ, ಹಾಸಿಗೆಯ ಮೇಲೆ ಡಬ್ಬಿಗಳು,
ಹುಮಣಕ್ಕೆ ಸಿಮೆಂಟಿನ ರುಚಿ.
ಮೇಸ್ತ್ರಿ ಕೇಳಿದ: ಕಟ್ಟೆ ಎಷ್ಟೆತ್ತರ ಬೇಕು?
ಮೂವತ್ತು ವರ್ಷ ನೆಲಕ್ಕೆ ಕೂತು ಮೀನು ಹೆಚ್ಚಿದವಳಿಗೆ
ಯಾರೂ ಕೇಳದ ಪ್ರಶ್ನೆ.
ಎದ್ದು ನಿಂತೆ. ಬಲೆ ಹೆಣೆಯುವ ದಾರ ತಂದು
ಮೊಣಕೈಯಿಂದ ಪಾದಕ್ಕೆ ಇಳಿಬಿಟ್ಟು
ನಾಲ್ಕು ಬೆರಳು ಕಳೆದು ಗಂಟು ಹಾಕಿದೆ.
ಇನ್ನೊಂದು ಗಂಟು ಮಧ್ಯಮ ಇಸೋಣದ ಉದ್ದಕ್ಕೆ.
ಆ ದಾರ ಈಗ ಸೊಂಟದಲ್ಲಿದೆ.

‘ಇದು ಇನ್ನೂರ ನಲವತ್ತು ಲೀಟರು.’
ಲೀಟರಿನಲ್ಲಿ ಮೀನು ಅಳೆದವರುಂಟೇ?
ದಾರ ಹಿಡಿದೆ: ಬಾಲ ಹೊರಗೇ ಉಳಿಯುತ್ತದೆ.

ಹಿಂದಕ್ಕೆ ತಿರುಗಿಸು ಎಂದೆ. ತಿರುಗಿಸಿದ.
ಕಿವಿರು ಅಲ್ಲಿರುತ್ತದೆ, ಕಪ್ಪು ಜಾಲರಿ, ಸಣ್ಣ ಕೊಳವೆ.
ನಮ್ಮ ಉಪ್ಪುಗಾಳಿ ಮೊದಲು ಬಾಯಿ ಹಾಕುವುದು ಅಲ್ಲಿಗೇ.
ಪಕ್ಕದ ಇನಾಸನ ವಾಷಿಂಗ್ ಮಶಿನು
ಎರಡು ಮಳೆಗಾಲಕ್ಕೆ ಕಾಲು ಕಳಕೊಂಡು
ಈಗ ಕೋಳಿಗೂಡು.
‘ತುಕ್ಕಿಗೆ ಗ್ಯಾರಂಟಿ ಉಂಟಾ?’
ಹುಡುಗ ಕಾಗದದ ಸಣ್ಣಕ್ಷರ ಓದಿದ, ಬಹಳ ಹೊತ್ತು.

ಚಿಮಣಿ ತೋರಿಸಿದ. ವಾಸನೆ ಹೀರಿ ಹೊರಗೆ ಬಿಡುತ್ತದಂತೆ.
ಹೊರಗೆ ಅಂದರೆ ಇನಾಸನ ಅಂಗಳ. ಬೇಡ,
ಅವನಿಗೆ ಅವನದೇ ಸಾಕಷ್ಟುಂಟು.
ಮಿಕ್ಸರ್ ಮಾತ್ರ ಮೊದಲ ನೋಟಕ್ಕೇ ಒಪ್ಪಿದೆ;
ರುಬ್ಬುಕಲ್ಲನ್ನು ಹೊಗಳುವವರು ಬಂದು ರುಬ್ಬಲಿ.
ಅದೀಗ ಹಿತ್ತಿಲ ಬಾಗಿಲಿಗೆ ಒತ್ತು ಕೊಟ್ಟು ಕೂತಿದೆ,
ಗಾಳಿಗೆ ಬಡಿಯದ ಹಾಗೆ.
‘ಮೀನು ಹೆಚ್ಚುವ ಮಶಿನು?’
‘ಇಲ್ಲ ಬಾಯೀ. ನೀರುಳ್ಳಿಯದು ಉಂಟು.’

ಸೊಸೆ ರೋಶನಿ ಬೆಳ್ಳಿ ಬಣ್ಣದ ದೊಡ್ಡದರ ಮುಂದೆ ನಿಂತುಬಿಟ್ಟಿದ್ದಳು.
ಬಾಗಿಲು ತೆರೆದರೆ ಬಿಳಿಯ ಹಬೆ,
ಬೈತಖೋಲಿನಲ್ಲಿ ಬೆಳಗಿನ ನಾಲ್ಕಕ್ಕೆ
ಬೋಟಿನ ಹೊಟ್ಟೆ ತೆರೆದ ಹಾಗೆ.
ತಂಪು ನನಗೆ ಹೊಸದಲ್ಲ,
ಐಸಿನಲ್ಲಿ ಈ ಬೆರಳು ಎಷ್ಟು ಸಲ ಸತ್ತು ಹುಟ್ಟಿವೆಯೋ.
ದಾರ ಹಿಡಿದೆ. ಇಸೋಣ ಮಲಗಿತು, ಬಾಲ ಸಮೇತ.

‘ಸುಗಂಧೀ, ನೀನಿಲ್ಲಿ?’
ಕಾಜುಬಾಗದ ಮಾಸ್ತರರ ಹೆಂಡತಿ,
ಬುಧವಾರ ಶುಕ್ರವಾರದ ಗಿರಾಕಿ,
ನೊಗ್ಲಿ ಇಲ್ಲದಿದ್ದರೆ ಮುಖ ಸಣ್ಣ ಮಾಡುವವಳು.
ಅವಳ ಕಣ್ಣು ನನ್ನಿಂದ ಫ್ರಿಜ್ಜಿಗೆ,
ಫ್ರಿಜ್ಜಿನಿಂದ ನನಗೆ.

ಮೂವತ್ತು ವರ್ಷ ಒಂದೇ ಆಣೆ ಹಾಕಿ ಮಾರಿದ್ದೇನೆ:
ನಮ್ಮನೆಯಲ್ಲಿ ಫ್ರಿಜ್ಜೇ ಇಲ್ಲ ತಾಯೀ,
ನಿನ್ನೆಯದನ್ನು ಎಲ್ಲಿಡಲಿ?
ಆ ಮಾತಿಗೆ ಕಿವಿರು ಎತ್ತದೆಯೇ ಕೊಂಡವರುಂಟು.
ತಕ್ಕಡಿಯ ಕಲ್ಲಿಗಿಂತ ಭಾರದ ಮಾತು.

ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.
ಸಣ್ಣದೇ ಕೊಡು ಎನ್ನಲು ಬಾಯಿ ತೆರೆದೆ.
ರೋಶನಿ ಇನ್ನೂ ಬಾಗಿಲು ಹಿಡಿದೇ ಇದ್ದಳು,
ಒಳಗಿನ ದೀಪ ಅವಳ ಕೆನ್ನೆಯ ಮೇಲಿತ್ತು.

‘ದೊಡ್ಡದೇ’ ಎಂದೆ. ‘ಟೆಂಪೋ ಹಗಲಲ್ಲೇ ಬರಲಿ.’

ರಾತ್ರಿ ಹೊಸ ಕಟ್ಟೆಗೆ ಅಂಗೈ ಊರಿ ನಿಂತೆ.
ಗಂಟು ಸರಿಯಾಗಿತ್ತು.
ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಖಾಲಿ.
ಅಂದಿನದೆಲ್ಲ ಅಂದೇ ಹೋಗಿತ್ತು, ಉಳಿದ ಎರಡು ತಾರ್ಲಿ ಬೆಕ್ಕಿಗೆ.
ಮುಡಿಯಿಂದ ಅಬ್ಬಲಿಗೆ ದಂಡೆ ತೆಗೆದು
ಮೇಲಿನ ಹಲಗೆಯಲ್ಲಿಟ್ಟು ಬಾಗಿಲು ಹಾಕಿದೆ.

ನಾಳೆ ಬುಧವಾರ.
ಅವಳು ಬಂದು ಕಿವಿರು ಎತ್ತಲಿ, ಎರಡು ಸಲ ಎತ್ತಲಿ.
ಕೇಳಿದರೆ ಹೇಳುತ್ತೇನೆ:
ಮೀನು ಇವತ್ತಿನದು.
ಹೂವು ನಿನ್ನೆಯದು.